ಹಮ್ಮಿಗಿಯಲ್ಲಿ ಕೂತ ಏಳು ಮತ

...ಅಥವಾ ಜೀಪಿನಲ್ಲಿ ಏಳು ಮತ ಇರಲೇ ಇಲ್ಲವೇನೋ. ಏಳು ಎಂದು ನಾನು ಮೂವತ್ತೈದು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ಅದು ಗಟ್ಟಿಯಾಗಿದೆ. ಈಗ ಕಣ್ಣು ಮುಚ್ಚಿ ಎಣಿಸಿದರೆ ಬೇರೆಯೇ ಲೆಕ್ಕ ಬರುತ್ತದೆ. ಮುಂದೆ, ಡ್ರೈವರನ ಪಕ್ಕ, ಕಾಕಾ. ಹಿಂದೆ ಎದುರುಬದುರು ಕೂತ ಮುಂಡರಗಿ ಕಡೆಯ ನಾಲ್ವರು. ಆ ನಾಲ್ವರ ಮೊಣಕಾಲುಗಳ ನಡುವೆ ನಾನು, ಆದರೆ ನನಗೆ ಮತವಿರಲಿಲ್ಲ. ಹಮ್ಮಿಗಿಯಲ್ಲಿ ಇನ್ನಿಬ್ಬರು ಹತ್ತಬೇಕಿತ್ತು, ಹತ್ತಲಿಲ್ಲ. ನೆನಪು ಹತ್ತದವರನ್ನೂ ಹತ್ತಿಸಿಕೊಂಡು ಹೊರಟುಬಿಡುತ್ತದೆ.

ಹೋದ ತಿಂಗಳು ಕಾಕಾ ಮುಂಡರಗಿಯಲ್ಲಿ ತೀರಿಕೊಂಡರು. ಶ್ರದ್ಧಾಂಜಲಿ ಸಭೆಗೆ ಮೂರು ಪಕ್ಷದವರೂ ಬಂದಿದ್ದರು. ಮೂರೂ ಪಕ್ಷಗಳಲ್ಲಿ ಇದ್ದುಬಂದ ಒಬ್ಬರು ಮೈಕಿನ ಮುಂದೆ ನಿಂತು, "ನಿಷ್ಠೆ ಅಂದರೆ ಏನು ಅಂತ ನಾವು ಕಲಿತದ್ದೇ ಇವರಿಂದ" ಎಂದರು. ನನ್ನ ಪಕ್ಕದ ಕುರ್ಚಿಯಲ್ಲಿ ರಾಜೇಸಾಬ ಇದ್ದ. ಗಾದಿ ಹೊಲಿದು ಹೊಲಿದು ಬೆನ್ನು ಬಾಗಿದ ಮುದುಕ, ಅವತ್ತು ಜೀಪಿನಲ್ಲಿದ್ದ ನಾಲ್ವರಲ್ಲಿ ಉಳಿದಿರುವವನು ಅವನೊಬ್ಬನೇ. ನನ್ನ ಕಿವಿಗೆ ಬಾಯಿ ಹಚ್ಚಿ ಕೇಳಿದ:

"ಇಂವ ಯಾವಾಗ ಕಲತಾನ್ರಿ ಸರ? ರಜಾದಾಗೇನು?"

ಆಮೇಲೆ ಇನ್ನೊಬ್ಬರು ಎದ್ದು ಹಮ್ಮಿಗಿಯ ಕತೆ ಹೇಳಿದರು. ಚೆನ್ನಾಗಿಯೇ ಹೇಳಿದರು. ಗದಗಿನಿಂದ ಪಕ್ಷದ ಅಧ್ಯಕ್ಷರಾಗಿದ್ದ ಧಣಿಯ ಆಳು ಮೋಟಾರ್ ಸೈಕಲ್ ಮೇಲೆ ಓಡಿ ಬಂದನಂತೆ. "ಯಾರ ಮಣ್ಣಿಗೆ ಕುಂತೀರಂತ ಹೇಳ್ಲಿ?" ಎಂದು ಸಾವಿನ ಮನೆಯಲ್ಲಿ ಕೂತಿದ್ದ ಇವರನ್ನು ಕೇಳಿದನಂತೆ. ಅದಕ್ಕೆ ಇವರು, "ನಾವು ಕೈ ಎತ್ತಿ ಕಳಿಸಿದ ಹುಡುಗನ ಮಣ್ಣಿಗೆ ಅಂತ ಹೇಳು" ಎಂದರಂತೆ. ಜನ ಚಪ್ಪಾಳೆ ತಟ್ಟಿದರು. ಶ್ರದ್ಧಾಂಜಲಿ ಸಭೆಯಲ್ಲಿ ಚಪ್ಪಾಳೆ ತಟ್ಟಬಾರದು ಎಂದು ನೆನಪಾಗಿ ಅರ್ಧಕ್ಕೇ ನಿಲ್ಲಿಸಿದರು. ನಾನು ಅವತ್ತು ಹಮ್ಮಿಗಿಯಲ್ಲಿ ಅವರಿಂದ ನಾಲ್ಕು ಮೊಳ ದೂರದಲ್ಲಿದ್ದೆ. ಆ ಮಾತನ್ನು ನಾನು ಕೇಳಿಲ್ಲ. ರಾಜೇಸಾಬನೂ ಕೇಳಿಲ್ಲ. ಆದರೆ ಇನ್ನು ಐದು ವರ್ಷಕ್ಕೆ ನಾವಿಬ್ಬರೂ ಕೇಳಿದ್ದೆವು ಎಂದು ನಂಬುತ್ತೇವೇನೋ ಎಂಬ ಭಯಕ್ಕೆ ಇದನ್ನು ಬರೆಯುತ್ತಿದ್ದೇನೆ.

ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ಅವರಿಗಿಂತ ಹಿರಿಯರೂ ಕೂಡ. ಪಕ್ಷದಲ್ಲಿ ಅವರ ಹುದ್ದೆ ಏನು ಎಂದು ಕೇಳಿದರೆ ಯಾರಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಆಗ ಗದಗ ಇನ್ನೂ ಜಿಲ್ಲೆಯಾಗಿರಲಿಲ್ಲ. ಅವರ ಪಕ್ಷ ಮಾತ್ರ ಸರಕಾರಕ್ಕಿಂತ ಮೊದಲೇ ಅದನ್ನು ಜಿಲ್ಲೆ ಎಂದು ಬಗೆದು ಒಂದು ಸಮಿತಿ ಮಾಡಿಕೊಂಡಿತ್ತು. ಸಮಿತಿಗೆ ಅಧ್ಯಕ್ಷರು ಶಿರಹಟ್ಟಿಯ ಧಣಿ, ದೊಡ್ಡ ಜಮೀನುದಾರರು, ಮಿತ ಮಾತಿನವರು. ಸಮಿತಿಯ ಚುನಾವಣೆ ಪ್ರತಿ ಸಲ ಆಗುತ್ತಿತ್ತು, ಧಣಿ ಪ್ರತಿ ಸಲ ಗೆಲ್ಲುತ್ತಿದ್ದರು. ಗೆಲ್ಲಿಸುವ ಕೆಲಸ ಕಾಕಾನದು.

ಆ ಕೆಲಸವನ್ನು ಅವರು ಮಾಡುವ ರೀತಿಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಗದಗಿನ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತ, ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಕಾಕಾ ಕಾಗದ ಮುಟ್ಟುತ್ತಿರಲಿಲ್ಲ. ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆಣ್ಣು ಮುಟ್ಟುತ್ತ ಹೋಗುವರು, ಒಂದು ಗೆಣ್ಣಿಗೆ ಒಂದು ಊರು. ಹರ್ತಿಯ ಗೆಣ್ಣಿಗೆ ಬಂದಾಗ ಮುಖ ಸ್ವಲ್ಪ ಕಿವುಚಿಕೊಂಡರೆ ಅಲ್ಲಿಗೆ ಮರುದಿನ ಮೊದಲ ಬಸ್ಸಿಗೇ ಹೋಗುತ್ತಾರೆ ಎಂದು ಅರ್ಥ. ಯಾರನ್ನೂ ಅವರು "ಮತ ಯಾರಿಗೆ?" ಎಂದು ಕೇಳಿದವರಲ್ಲ. "ಗದಗಕ್ಕ ಬರ್ತಿಯಲ್ಲಾ?" ಎಂದಷ್ಟೇ ಕೇಳುವರು.

"ಅದರಾಗ ಏನ ತಿಳೀತೈತ್ರಿ ಕಾಕಾ?" ಎಂದು ಒಮ್ಮೆ ಕೇಳಿದ್ದೆ.

"ಎಲ್ಲಾ ತಿಳೀತೈತಿ. ‘ನೋಡೂಣ್ರಿ’ ಅಂದಾಂವ ಬರೂದಿಲ್ಲ. ‘ನಿಮಗಿಲ್ಲಂದ್ರ ಇನ್ಯಾರಿಗ್ರಿ ಕಾಕಾ’ ಅಂತ ಕಾಲ ಹಿಡದಾಂವ ಅತ್ತಾಗ ಹಾಕ್ತಾನ. ‘ಊಟಾ ಎಲ್ಲಿ ಇಟ್ಟೀರಿ?’ ಅಂತ ಕೇಳಿದಾಂವ ನೋಡು, ಅಂವ ನಮ್ಮಾಂವ."

ಈ ಪರೀಕ್ಷೆ ಸುಳ್ಳಾದದ್ದನ್ನು ನಾನು ಕಂಡಿಲ್ಲ. ಆದ್ದರಿಂದಲೇ ಗದಗಿನಲ್ಲಿ ಪ್ರತಿ ಚುನಾವಣೆಯ ದಿನ ಗೋಧಿ ಹುಗ್ಗಿ ಮಾಡಿಸುತ್ತಿದ್ದರು.

ಆ ವರ್ಷ ಮಾತ್ರ ಗಾಳಿ ಬೇರೆ ಇತ್ತು. ನಮ್ಮ ಸೈನ್ಯ ಶಾಂತಿ ಕಾಯಲೆಂದು ಶ್ರೀಲಂಕೆಗೆ ಹೋಗಿ ಕಾದಾಟದಲ್ಲಿ ಸಿಕ್ಕಿಬಿದ್ದಿತ್ತು. ಯಾರ ವಿರುದ್ಧ, ಯಾತಕ್ಕೆ ಎಂಬುದು ಬೆಟಗೇರಿಯ ಮಗ್ಗದ ಮನೆಗಳಲ್ಲಿ, ಲಕ್ಷ್ಮೇಶ್ವರದ ಸಂತೆಯಲ್ಲಿ ಯಾರಿಗೂ ಹೇಳಲು ಬರುತ್ತಿರಲಿಲ್ಲ. ಕಾಕಾನ ಪಕ್ಷ ಆ ಯುದ್ಧವನ್ನು ಸರಿ ಎನ್ನುತ್ತಿತ್ತು. ಗದಗ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಮೆಣಸಿನಕಾಯಿ ಬಜ್ಜಿ ಮುರಿಯುತ್ತ ಅವರು ನನಗೆ ಹೇಳಿದ್ದರು:

"ಅದು ಇಬ್ಬರ ಮನಿ ಜಗಳೋ. ಬಿಡಸಾಕ ಹೋದವರಿಗೆ ಈಗ ಇಬ್ಬರೂ ಬಡ್ಯಾಕತ್ತಾರ. ಹುಡುಗೂರನ್ನ ಜಲ್ದಿ ಕರಕೊಂಡ ಬರೂದು ಶಾಣ್ಯಾತನ."

ಒಂದು ತಾಸಿನ ನಂತರ ಅದೇ ಬಾಯಿಂದ, ಅದೇ ಖಾರ ಆರುವ ಮೊದಲು, ಬಹಿರಂಗ ಸಭೆಯಲ್ಲಿ ಯುದ್ಧವನ್ನು ಹೊಗಳಿದರು. ಕೆಳಗೆ ಇಳಿದು ಬಂದಾಗ ನಾನು ಬಿಡಲಿಲ್ಲ. ಅವರು ನಾಚಿಕೊಳ್ಳಲೂ ಇಲ್ಲ.

"ಚಾದ ಅಂಗಡ್ಯಾಗ ನಾ ಒಬ್ಬಾಂವ. ಇಲ್ಲಿ ನಾನು ಪಕ್ಷ. ಒಬ್ಬ ಮನಶ್ಯಾಗ ಎರಡ ಅಂಗಿ ಇರಬಾರದೇನು?"

ಧಣಿಯ ಎದುರು ಆ ಸಲ ನಿಂತವರು ಲಕ್ಷ್ಮೇಶ್ವರದ ಒಬ್ಬ ವಕೀಲರು. ಹುಡುಗರನ್ನು ವಾಪಸು ಕರೆಸಿ ಎಂದು ಪಕ್ಷದೊಳಗೇ ಹೇಳಬೇಕು, ಅದಕ್ಕೆ ಹೊಸ ಅಧ್ಯಕ್ಷ ಬೇಕು ಎಂಬುದು ಅವರ ವಾದ. ಅವರು ಕಾಕಾನ ಮತ ಕೇಳಲು ಮುಂಡರಗಿಗೆ ಹೋದರು. ಕಾಕಾ ರೊಟ್ಟಿ, ಎಣಗಾಯಿ ಪಲ್ಯ ಹಾಕಿಸಿ, ಮೊಸರು ಸುರಿದು, ಎಲ್ಲ ಕೇಳಿ, "ನಿನ್ನ ಮಾತು ಖರೆ ಐತಿ. ನನ್ನ ಮತ ಧಣ್ಯಾರಿಗೆ" ಎಂದರಂತೆ.

"ಖರೆ ಅಂತೀರಿ, ಮತ ಕೊಡೂದಿಲ್ಲ ಅಂತೀರಿ. ಹೆಂಗ್ರಿ ಕಾಕಾ ಇದು?"

"ಖರೇಕ ಮತಾ ಹಾಕಾಂವ ಆಗಿದ್ರ ನಾ ರಾಜಕೀಯಕ್ಕ ಯಾಕ ಬರತಿದ್ನೋ ತಮ್ಮಾ? ಇಪ್ಪತ್ತ ವರ್ಷದಿಂದ ಅವರ ಮನಿ ಉಂಡೀನಿ. ಮಾತ ಕೊಟ್ಟೀನಿ."

ಇದನ್ನು ನನಗೆ ಹೇಳಿದವರು ವಕೀಲರೇ. ಆದ್ದರಿಂದ ಅರ್ಧ ಬಿಟ್ಟು ತೆಗೆದುಕೊಳ್ಳಬೇಕು. ಆದರೆ ಮಾತು ಕೊಟ್ಟದ್ದು ನಿಜ. ಧಣಿಗೆ ಏಳು ಮತ ತರುತ್ತೇನೆಂದು ಹೇಳಿದ್ದರು. ಮತದಾನಕ್ಕೂ ಮೊದಲು ಯುದ್ಧವನ್ನು ಬೆಂಬಲಿಸುವ ಠರಾವನ್ನು ಸಭೆಯಲ್ಲಿ ತಾವೇ ಸೂಚಿಸುವುದಾಗಿಯೂ ಒಪ್ಪಿದ್ದರು. ಧಣಿಗೆ ಅದು ಕಡೆಯ ಚುನಾವಣೆ, ಸೋತರೆ ಮುಗಿಯಿತು. ಕಾಕಾನಿಗೆ ಸೋಲು ಗೆಲುವು ಎರಡನೆಯದು. ನಾಲ್ಕು ಊರುಗಳಲ್ಲಿ ಜನ ಅವರನ್ನು ಕೂರಿಸಿ ಚಹಾ ಕೊಡುತ್ತಿದ್ದದ್ದು ಒಂದೇ ಕಾರಣಕ್ಕೆ: ಕಾಕಾ ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಂಡವರಲ್ಲ.

ಭಾನುವಾರ ಒಂಬತ್ತಕ್ಕೆ ಮುಂಡರಗಿ ಬಿಟ್ಟೆವು. ಗದಗಿನಲ್ಲಿ ಎರಡಕ್ಕೆ ಸಭೆ, ಐದಕ್ಕೆ ಮತದಾನ ಮುಕ್ತಾಯ. ಮೊದಲು ಹಮ್ಮಿಗಿಗೆ ಹೋಗಿ ಇಬ್ಬರನ್ನು ಹತ್ತಿಸಿಕೊಳ್ಳಬೇಕಿತ್ತು. ಹೊಳೆಯ ದಂಡೆಯ ಊರು ಅದು, ಬೆಳಿಗ್ಗೆ ಅಷ್ಟು ಹೊತ್ತಿಗೆ ಎಲ್ಲರೂ ಹೊಲದಲ್ಲಿರುವವರು. ಅವತ್ತು ಕಟ್ಟೆಯ ಮೇಲೆಲ್ಲ ಜನ ಸುಮ್ಮನೆ ಕೂತಿದ್ದರು. ಶ್ರೀಲಂಕೆಯಲ್ಲಿ ಊರಿನ ಹುಡುಗ ತೀರಿಕೊಂಡಿದ್ದ. ಹಿಂದಿನ ಸಂಜೆ ತಂತಿ ಬಂದಿತ್ತು. ನಮ್ಮ ಇಬ್ಬರೂ ಆ ಮನೆಯಲ್ಲಿದ್ದರು.

ಇಲ್ಲೊಂದು ರೂಢಿಯನ್ನು ಹೇಳಬೇಕು. ಸಾವಿನ ಮನೆಯ ಬಾಗಿಲಲ್ಲಿ ನಿಂತು ಕೈ ಮುಗಿದು ಹೋಗಬಹುದು. ಒಳಗೆ ಹೋಗಿ ಕೂತರೆ ಮಾತ್ರ ಮಣ್ಣು ಆಗುವತನಕ, ಅಂದರೆ ಹೆಣವನ್ನು ಹೂಳುವವರೆಗೆ, ಏಳಬಾರದು. ನಡುವೆ ಎದ್ದು ಹೋದವನನ್ನು ಆ ಮನೆಯವರು ಮತ್ತೆ ತಮ್ಮ ಹೊಸ್ತಿಲು ಹತ್ತಿಸುವುದಿಲ್ಲ. ಕಾಕಾ ಎಷ್ಟೋ ಸಾವಿನ ಮನೆಗಳಿಗೆ ಹೋಗಿದ್ದರು, ಯಾವಾಗಲೂ ಬಾಗಿಲಲ್ಲೇ. ಓಡಾಟದ ಮನುಷ್ಯ, ಅವರಿಗೆ ಕೂರುವಷ್ಟು ಹೊತ್ತೆಲ್ಲಿ?

ನಾನು ಜೀಪಿನಲ್ಲೇ ಉಳಿದೆ. ಧಣಿ ಮತ್ತೆ ಆಯ್ಕೆಯಾದ ಸುದ್ದಿಯನ್ನು ಮೊದಲೇ ಬರೆದು, ಮತಗಳ ಅಂತರಕ್ಕೆ ಮಾತ್ರ ಜಾಗ ಬಿಡುತ್ತಿದ್ದೆ. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ, ಅವತ್ತಿಗೆ ಸಂಬಂಧಿಸಿ ನನ್ನ ಬಳಿ ಇರುವ ಲಿಖಿತ ಸಾಕ್ಷ್ಯ ಅದೊಂದೇ, ಮತ್ತು ಅದು ಸುಳ್ಳು. ಬರೆದು ತಲೆ ಎತ್ತಿದಾಗ ತೆರೆದ ಬಾಗಿಲೊಳಗೆ ಕಾಕಾ ಕಂಡರು. ಹುಡುಗನ ತಂದೆ ನಿಂಗಪ್ಪ ತಂತಿಯ ಕಾಗದವನ್ನು ಅವರ ಕೈಗೆ ಕೊಟ್ಟಿದ್ದ. ಅದು ಇಂಗ್ಲಿಷಿನಲ್ಲಿತ್ತು. ಅಂಚೆಯವನು ಮಗ ಹೋದ ಎಂಬುದನ್ನಷ್ಟೇ ಹೇಳಿ ಅತ್ತು ಹೋಗಿದ್ದ. ಊರಿನ ಮಾಸ್ತರರು ರಜೆಗೆಂದು ತಮ್ಮ ಊರಿಗೆ ಹೋಗಿದ್ದರು. ಕಾಕಾ ಕನ್ನಡಕ ಹಾಕಿಕೊಂಡರು. ಕಾಗದವನ್ನು ಬೆಳಕಿಗೆ ಹಿಡಿದರು. ತುಟಿ ಅಲುಗಿದಂತೆ ಕಂಡಿತು. ಮಡಚಿ ಜಾಕೀಟಿನ ಒಳಜೇಬಿಗೆ ಇಟ್ಟುಕೊಂಡರು. ನಿಂಗಪ್ಪ, "ಕುಂಡ್ರಿ ಯಪ್ಪಾ" ಎಂದ. ಕಾಕಾ ಕೂತರು.

ಅವರು ಕೂತ ಮೇಲೆ ಉಳಿದ ನಾಲ್ವರು ನಿಂತೇ ಇರಲು ಹೇಗಾಗುತ್ತದೆ? ಒಬ್ಬೊಬ್ಬರಾಗಿ ಕೂತರು. ನಾನೂ ಒಳಗೆ ಹೋಗಿ ಹಿಂದೆ ಗೋಡೆಗೆ ಆನಿಕೊಂಡೆ. ಹೆಂಗಸರ ಅಳು ಒಮ್ಮೆ ಏಳುವುದು, ಒಮ್ಮೆ ಇಳಿಯುವುದು. ಅಳು ಇಳಿದಾಗಲೆಲ್ಲ ರಾಜೇಸಾಬನ ಪಿಸುಮಾತು ಕೇಳುತ್ತಿತ್ತು.

"ಕಾಕಾ, ಹನ್ನೆರಡಾತ್ರಿ."

"ಆಗ್ಲಿ."

"ಎರಡಕ್ಕ ಮೀಟಿಂಗ."

"ಹೇಳಿದಾಂವ ನಾನ ಅಲ್ಲೇನ?"

"ಹೆಣ ಯಾವಾಗ ಬರತೈತಂತ್ರಿ?"

"ಸರಕಾರದ ಹೆಣ. ಸರಕಾರದ ಹೊತ್ತಿಗೆ ಬರತೈತಿ."

ಇನ್ನೊಂದು ಅಳು ಎದ್ದು ಇಳಿಯಿತು.

"ಈ ಊರಿನ ಇಬ್ಬರು ಇರ್ಲಿ ಬಿಡ್ರಿ. ನಾವು ಐದ ಮಂದಿ ಹೋದ್ರೂ ಧಣ್ಯಾರು ದಡ ಮುಟ್ಟತಾರ. ಹಿರೇರಿಗೆ ಒಂದ ಮಾತ ಹೇಳಿ ಏಳೂಣು."

"ನೀ ಏಳು. ನಿನಗ ಯಾರೂ ಏನೂ ಅನ್ನೂದಿಲ್ಲ."

"ನಾ ಒಬ್ಬಾಂವ ಹೋಗಿ ಏನ ಮಾಡ್ಲಿ? ಹುಗ್ಗಿ ಉಣ್ಲೇನು?"

ಎರಡಾಯಿತು. ಮೂರರ ಸುಮಾರಿಗೆ ಮೋಟಾರ್ ಸೈಕಲ್ ಬಂತು, ಅದು ನಿಜ. ಧಣಿಯ ಆಳು ಬಾಗಿಲಲ್ಲಿ ಬಗ್ಗಿ, "ಕಾಕಾ, ಧಣ್ಯಾರು ಕಾಯಾಕತ್ತಾರ್ರಿ. ಠರಾವು ಓದವರಿಲ್ಲ. ನೀವು ಇಲ್ಲಿ..." ಎಂದು ಒಳಗಿನವರ ಮುಖ ನೋಡಿ ನಿಲ್ಲಿಸಿದ. ಶ್ರದ್ಧಾಂಜಲಿ ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿದ ಮಾತು ಬರಬೇಕಾದ ಜಾಗ ಇದೇ. ನನ್ನ ಕಿವಿಗೆ ಬಿದ್ದದ್ದು ಎರಡೇ ಶಬ್ದ.

"ಬರತೀನಂತ ಹೇಳು."

ಗಾಡಿ ಹೋಯಿತು. ಕಾಕಾ ಹೆಬ್ಬೆರಳಿನಿಂದ ಗೆಣ್ಣು ಮುಟ್ಟುತ್ತಿರಲಿಲ್ಲ. ಎರಡೂ ಕೈ ತೊಡೆಯ ಮೇಲೆ ಸುಮ್ಮನೆ ಇದ್ದವು. ಇದು ಚೆನ್ನಾಗಿ ನೆನಪಿದೆ ಎಂದು ಬರೆಯಲು ಹೊರಟಿದ್ದೆ. ಆದರೆ ಅವರ ಕೈ ನೋಡುವಷ್ಟು ಮುಂದೆ ನಾನು ಕೂತಿರಲಿಲ್ಲ.

ಐದು ಕಳೆದು ಬಿಸಿಲು ಹಳದಿಗೆ ತಿರುಗಿದಾಗ ಅವರು ಒಳಜೇಬಿನಿಂದ ಕಾಗದ ತೆಗೆದು ಹಿಂದಕ್ಕೆ ಚಾಚಿದರು.

"ಸರ, ಇದರಾಗ ಏನೈತಿ, ಗಟ್ಟಿಯಾಗಿ ಓದಿ ಹೇಳ್ರಿ."

ಓದಿದೆ. ಹುಡುಗನ ಅಂತ್ಯಕ್ರಿಯೆಯನ್ನು ಸೈನ್ಯದ ಗೌರವದೊಂದಿಗೆ ಅಲ್ಲಿಯೇ ಮುಗಿಸಲಾಗಿದೆ, ಅಸ್ಥಿಯನ್ನು ಕಳಿಸಲಾಗುವುದು ಎಂದಿತ್ತು. ಕನ್ನಡದಲ್ಲಿ ಹೇಳುವಾಗ ನಾನು ಎರಡು ಸಲ ತಡವರಿಸಿದೆ. ನಿಂಗಪ್ಪ ನನ್ನನ್ನೇ ನೋಡಿದ.

"ಸುಟ್ರೇನ್ರಿ?" ಎಂದ. "ನಮ್ಮೊಳಗ ಸುಡೂದಿಲ್ಲಲ್ರಿ. ಮಣ್ಣ ಮಾಡ್ತೀವಿ."

ಆಮೇಲೆ ಅವನು ಕಾಕಾನ ಕಡೆ ತಿರುಗಿದ.

"ಹಂಗಾರ ಹೆಣಾನ ಬರೂದಿಲ್ಲ. ಮತ್ತ ನೀವ್ಯಾಕ ಕುಂತಿದ್ರಿ ಯಪ್ಪಾ, ಇಷ್ಟೊತ್ತು?"

"ನೀ ಕುಂತಿದ್ದಿ ಅಲ್ಲಾ," ಎಂದರು ಕಾಕಾ.

ಧಣಿ ನಾಲ್ಕು ಮತಗಳಿಂದ ಸೋತರು. ಮುಂಡರಗಿಗೆ ಮರಳಿದ ಮೇಲೆ ಗೊತ್ತಾಯಿತು. ವಕೀಲರು ಅಧ್ಯಕ್ಷರಾದರು. ವಾರ ಕಳೆಯುವುದರೊಳಗೆ ಬೆಂಗಳೂರಿನಿಂದ ಯಾರೋ ಫೋನು ಮಾಡಿದರು. ಕಾಕಾ ಸೂಚಿಸಬೇಕಿದ್ದ ಅದೇ ಠರಾವನ್ನು ವಕೀಲರು, ಒಂದು ಅಕ್ಷರ ಬದಲಿಸದೆ, ತಾವೇ ಓದಿ ಪಾಸು ಮಾಡಿಸಿದರು. ಮುಂದೆ ಹುಡುಗರು ವಾಪಸು ಬಂದರು. ಅದರಲ್ಲಿ ನಮ್ಮ ಕಡೆಯವರ ಪಾತ್ರವೇನೂ ಇರಲಿಲ್ಲ.

ವಕೀಲರು ಕಾಕಾನಿಗೆ ಉಪಾಧ್ಯಕ್ಷಗಿರಿ ಕೊಡಲು ಹೋದಾಗ ನಾನೂ ಜೊತೆಗಿದ್ದೆ. ಈ ಮಾತನ್ನು ಮನೆಗೆ ಬಂದ ಕೂಡಲೇ ಬರೆದಿಟ್ಟುಕೊಂಡೆ, ಹಾಗಾಗಿ ಇದರ ಮೇಲೆ ಭರವಸೆ ಇಡಬಹುದು.

"ನಾ ಧಣ್ಯಾರಿಗೆ ಘಾತ ಮಾಡೀನಿ ಅಂತ ತಿಳಕೊಂಡು ಇದನ್ನ ಕೊಡಾಕತ್ತಿದ್ರ, ನನಗ ಬ್ಯಾಡ. ಮಾಡಿಲ್ಲಂತ ತಿಳಕೊಂಡಿದ್ರ, ಯಾಕ ಕೊಡಾಕತ್ತೀದಿ?"

ವಕೀಲರು ಬಸಿಯಲ್ಲಿದ್ದ ಚಹಾ ಕುಡಿದು ಎದ್ದರು.

ಊರು ಎರಡು ಪಾಲಾಯಿತು. ದ್ರೋಹಿ ಎಂದವರು ಅರ್ಧ, ದೊಡ್ಡ ಮನುಷ್ಯ ಎಂದವರು ಅರ್ಧ. ಎರಡೂ ಕಡೆಯವರು ಅವರಿಗೆ ಚಹಾ ಕೊಡುವುದನ್ನು ಬಿಡಲಿಲ್ಲ, ಆದರೆ ಏಳು ಮತ ತಾ ಎಂದು ಆಮೇಲೆ ಯಾರೂ ಕೇಳಲಿಲ್ಲ. ಅವರೂ ಪಕ್ಷ ಬಿಡಲಿಲ್ಲ. ಪ್ರತಿ ಸೋಮವಾರ ಬೆಳಗಿನ ಬಸ್ಸಿಗೆ ಶಿರಹಟ್ಟಿಗೆ ಹೋಗಿ ಧಣಿಯ ಪಡಸಾಲೆಯಲ್ಲಿ ಕೂರುತ್ತಿದ್ದರು. ಧಣಿ ಹೊರಗೆ ಬಂದು ಎಲ್ಲರನ್ನೂ ಮಾತಾಡಿಸಿ, ಇವರಿದ್ದ ಕಂಬದ ಕಡೆ ಮಾತ್ರ ನೋಡದೆ ಒಳಗೆ ಹೋಗುತ್ತಿದ್ದರು. ಹಲವು ವರ್ಷ, ಧಣಿ ತೀರಿಕೊಳ್ಳುವವರೆಗೂ, ಹೀಗೇ ನಡೆಯಿತು.

"ಯಾಕ ಹೋಗತೀರಿ? ಮಾನ ಇಲ್ಲೇನ್ರಿ?" ಎಂದು ನಾನು ಸಿಟ್ಟಿನಲ್ಲೇ ಕೇಳಿದ್ದೆ.

"ನಾ ಹೋಗಲಿಲ್ಲಂದ್ರ ಅವರು ಸಿಟ್ಟು ಯಾರ ಮ್ಯಾಲ ಮಾಡಬೇಕು? ಮುದಕರು ಅದಾರ. ಎದುರಿಗೆ ಯಾರರೆ ಬೇಕಲ್ಲ."

ಕಡೆಯ ವರ್ಷಗಳಲ್ಲಿ ಟಿವಿಯಲ್ಲಿ ಶಾಸಕರನ್ನು ಬಸ್ಸಿನಲ್ಲಿ ತುಂಬಿ ರೆಸಾರ್ಟಿಗೆ ಒಯ್ಯುವುದನ್ನು ನೋಡಿ ಹೊಟ್ಟೆ ಹಿಡಿದು ನಗುತ್ತಿದ್ದರು. "ನಮ್ಮ ಕಾಲಕ್ಕ ಒಂದ ಜೀಪು ಸಾಕಾಗಿತ್ತು" ಎನ್ನುವರು. ಎಲ್ಲೋ ಯುದ್ಧ ಶುರುವಾಗಿ ನಿರೂಪಕರು ಕೂಗತೊಡಗಿದರೆ ಮಾತ್ರ ನಗು ನಿಲ್ಲುತ್ತಿತ್ತು. ಟಿವಿ ಆರಿಸುತ್ತಿರಲಿಲ್ಲ, ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂರುತ್ತಿದ್ದರು. ಹಮ್ಮಿಗಿಯ ಸುದ್ದಿಯನ್ನು ಯಾರಾದರೂ ಎತ್ತಿದರೆ, "ಆತು ಬಿಡ್ರಿ" ಎಂದು ಬೇರೆ ಮಾತು ತೆಗೆಯುವರು.

ಕೂರುವ ಮೊದಲೇ ಕಾಗದದಲ್ಲಿದ್ದದ್ದು ಅವರಿಗೆ ತಿಳಿದಿದ್ದರೆ, ಯುದ್ಧದ ಠರಾವು ಓದುವುದನ್ನು ತಪ್ಪಿಸಿಕೊಂಡು, ಮಾತು ಕೊಟ್ಟಿದ್ದ ಧಣಿಯನ್ನು ಅವರು ಕೈಯಾರೆ ಸೋಲಿಸಿದರು. ಸಾಲದ್ದಕ್ಕೆ, ಮಗನನ್ನು ಕಳೆದುಕೊಂಡ ಮನೆಯನ್ನು ಬಾರದ ಹೆಣಕ್ಕಾಗಿ ಹೊತ್ತು ಇಳಿಯುವವರೆಗೆ ಕಾಯಿಸಿದರು. ತಿಳಿದಿರದಿದ್ದರೆ ಅವರು ಮಾಡಿದ್ದು ಇಷ್ಟೇ: ಒಬ್ಬ ತಂದೆ ಕೂರು ಎಂದ, ಕೂತರು, ಏಳಲಾಗಲಿಲ್ಲ. ದ್ರೋಹ ಎಂದವರಿಗೂ ದೊಡ್ಡತನ ಎಂದವರಿಗೂ ಅವರು ಕಾಗದ ಓದಿದ್ದರು ಎಂಬುದು ಬೇಕು. ನನಗೆ ಯಾವುದು ಬೇಕು ಎಂಬುದು ದಿನಕ್ಕೊಂದು ರೀತಿ.

ಶ್ರದ್ಧಾಂಜಲಿ ಸಭೆ ಮುಗಿದ ಮೇಲೆ ಅವರ ಮಗಳನ್ನು ಕೇಳಿದೆ, "ಅಪ್ಪಾರಿಗೆ ಇಂಗ್ಲಿಷ್ ಓದಾಕ ಬರ್ತಿತ್ತೇನವಾ?"

"ಗುಳಿಗಿ ಚೀಟಿ ಮ್ಯಾಲಿಂದು ತಾವ ಓದಕೋತಿದ್ರು ಸರ. ಒಮ್ಮೊಮ್ಮೆ ನನ್ನ ಕರದು ಓದಸತಿದ್ರು. ಬರಲಾರದಕ್ಕೋ, ನಾ ಹತ್ರ ಕುಂಡರ್ಲಿ ಅಂತೋ, ನಾ ಕೇಳಲಿಲ್ಲ."

ನಾನೂ ಕೇಳಲಿಲ್ಲ. ಮೂವತ್ತೈದು ವರ್ಷ ಅವರ ಮನೆಯ ಚಹಾ ಕುಡಿದೆ, ಕೇಳಬಹುದಿತ್ತು. ಕನ್ನಡಕ ಹಾಕಿಕೊಂಡು ಆ ಕಾಗದವನ್ನು ಅವರು ನೋಡಿದ್ದು ನಿಜ. ಓದಿದರೋ ಇಲ್ಲವೋ, ನನಗೆ ಗೊತ್ತಿಲ್ಲ.